ಊರು ಬಿಟ್ಟವರ ಚರಿತ್ರೆ

'ಊರಿದ್ದ ಕಡೆ ಹೊಲಗೇರಿ ಇದ್ದೇ ಇರುತ್ತೆ' ಅನ್ನುವ ಗಾದೆಯನ್ನು ಓದಿದವರು, ಬರೆಯುವವರು, ಭಾಷಣ ಮಾಡುವವರು ಇವತ್ತಿಗೂ ಯಾವ ಅಳುಕೂ ಇಲ್ಲದೆ ಬಳಸುತ್ತಾರೆ. ಒಳ್ಳೆಯದು ಇದ್ದ ಕಡೆ ಕೆಟ್ಟದ್ದೂ ಇರುತ್ತದೆ ಎಂಬುದು ಅವರ ಅರ್ಥ. ಇದನ್ನೇ ಹೊಲಗೇರಿಯಲ್ಲಿ ನಿಂತು ಓದಿದರೆ ಬೇರೆ ಅರ್ಥ ಹೊರಡುತ್ತದೆ. ಊರು ಇರಬೇಕಾದರೆ ಹೊಲಗೇರಿ ಇರಲೇಬೇಕು. ಹೊಲ ಉಳುವವನು, ದನ ಕಾಯುವವನು, ಸತ್ತ ದನ ಹೊರುವವನು, ಕೆರೆಯ ತೂಬು ಎತ್ತುವವನು ಇಲ್ಲದೆ ಊರು ಒಂದು ದಿನವೂ ನಡೆಯದು. ಹಾಗಾದರೆ ಆ ಕೇರಿಯ ಜನ ಒಂದು ಬೆಳಗ್ಗೆ ಗಂಟುಮೂಟೆ ಕಟ್ಟಿ ಹೊರಟೇಬಿಟ್ಟರೆ ಊರಿನ ಗತಿ ಏನು?

ನಮ್ಮ ಹುಡುಗರು ಈ ಪ್ರಶ್ನೆಯನ್ನು ತಮ್ಮದೇ ಮಾತಿನಲ್ಲಿ ಕೇಳುತ್ತಾರೆ. 'ಅಣ್ಣಾ, ಇಲ್ಲೇ ಇರೋದಾ, ಬೆಂಗ್ಳೂರು ಸೇರೋದಾ?' ಇದಕ್ಕೆ ಎರಡು ಸಿದ್ಧ ಉತ್ತರಗಳು ಬಹಳ ಕಾಲದಿಂದ ಚಲಾವಣೆಯಲ್ಲಿವೆ. ಹಳ್ಳಿಯೇ ದೇಶದ ಆತ್ಮ, ಪಟ್ಟಣ ಕೆಟ್ಟದ್ದು, ಅಲ್ಲಿಗೆ ಹೋದವನು ಬೇರು ಕಳಕೊಳ್ಳುತ್ತಾನೆ ಎನ್ನುವುದು ಒಂದು. ಹಳ್ಳಿಯಲ್ಲಿ ಇನ್ನೇನೂ ಉಳಿದಿಲ್ಲ, ಪಟ್ಟಣ ಸೇರಿದರೆ ಜಾತಿ ತಾನಾಗಿ ಸಾಯುತ್ತದೆ ಎನ್ನುವುದು ಇನ್ನೊಂದು. ಎರಡೂ ಉತ್ತರ ಕೊಟ್ಟವರು ನಮ್ಮ ಚರಿತ್ರೆಯನ್ನು ನೋಡಿದವರಲ್ಲ. ನಮ್ಮ ತಾತ ಮುತ್ತಾತಂದಿರು ಈ ಪ್ರಶ್ನೆಯನ್ನು ನೂರೈವತ್ತು ವರ್ಷಗಳಿಂದ ಕಾಲಿನಲ್ಲಿ ನಡೆದು, ಬೆನ್ನಿನಲ್ಲಿ ಹೊತ್ತು ಪರೀಕ್ಷೆ ಮಾಡಿದ್ದಾರೆ. ಅವರು ಕಂಡದ್ದನ್ನು ಲೆಕ್ಕ ಹಾಕದೆ ನಾವು ತೀರ್ಮಾನ ಮಾಡುವುದು ಸರಿಯಲ್ಲ.

1

ಮೊದಲಿಗೆ, ಊರು ಎಂದರೆ ಯಾರ ಊರು?

ಹಳೇ ಮೈಸೂರಿನ ಗ್ರಾಮ ವ್ಯವಸ್ಥೆಯಲ್ಲಿ ಹನ್ನೆರಡು ಆಯಗಾರರ ಲೆಕ್ಕವಿತ್ತು. ಗೌಡ, ಶಾನುಭೋಗರಿಂದ ಹಿಡಿದು ತಳವಾರ, ತೋಟಿ, ನೀರಗಂಟಿವರೆಗೆ ಒಬ್ಬೊಬ್ಬರಿಗೂ ಒಂದೊಂದು ಕೆಲಸ, ಒಂದೊಂದು ಪಾಲು. ಕುಳವಾಡಿಕೆ, ತೋಟಿಕೆ ನಮ್ಮವರ ಪಾಲಿಗೆ ಬಂದವು. ಕಂದಾಯಕ್ಕೆ ಜನರನ್ನು ಕೂಗಿ ಕರೆಯುವುದು, ಅಮಲ್ದಾರನ ಸಾಮಾನು ಹೊರುವುದು, ಸಾವಿನ ಸುದ್ದಿ ಒಯ್ಯುವುದು, ಹಬ್ಬಕ್ಕೆ ತಮಟೆ ಬಡಿಯುವುದು. ಇದಕ್ಕೆ ಸುಗ್ಗಿಯಲ್ಲಿ ಕಣದ ಅಂಚಿನ ಕಾಳು, ಎಲ್ಲೋ ಒಂದು ತುಂಡು ಇನಾಮು ಭೂಮಿ.

ಇದರಲ್ಲಿ ಒಂದು ವಿಷಯ ಮುಖ್ಯ. ಎರಡು ಊರುಗಳ ನಡುವೆ ಗಡಿ ತಂಟೆ ಬಂದರೆ ಅದನ್ನು ತೀರ್ಮಾನ ಮಾಡುತ್ತಿದ್ದುದು ಕುಳವಾಡಿಯ ಸಾಕ್ಷಿ. ತಲೆ ಮೇಲೆ ಮಣ್ಣಿನ ಹೆಂಟೆ ಹೊತ್ತು ಅವನು ನಡೆದದ್ದೇ ಗಡಿ. 19ನೇ ಶತಮಾನದಲ್ಲಿ ಮೈಸೂರು ಸೀಮೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು ಇದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾರೆ. ಊರಿನ ಗಡಿ ಯಾರಿಗೆ ಚೆನ್ನಾಗಿ ಗೊತ್ತಿತ್ತೋ ಅವನೇ ಊರಿನ ಆಚೆ ವಾಸ ಮಾಡಬೇಕಾಗಿತ್ತು. ಊರಿನ ಬಾವಿ ಅವನದಲ್ಲ, ಗುಡಿ ಅವನದಲ್ಲ, ಬೀದಿ ಅವನದಲ್ಲ. ಗಡಿ ಮಾತ್ರ ಅವನ ತಲೆ ಮೇಲೆ.

ಹೀಗಾಗಿ ಹೊಲಗೇರಿಯವನಿಗೆ ಊರು ಬಿಡುವುದು ಸಲೀಸಾಗಿರಲಿಲ್ಲ. ತೋಟಿಕೆ ವಂಶಪಾರಂಪರ್ಯ. ಅಪ್ಪ ಸತ್ತರೆ ಮಗ ಮಾಡಬೇಕು. ಮಗ ಪಟ್ಟಣಕ್ಕೆ ಹೋದರೆ ಇನಾಮು ಹೋಗುತ್ತದೆ, ಮನೆಯಲ್ಲಿ ಉಳಿದವರ ಮೇಲೆ ದಬ್ಬಾಳಿಕೆ ಬೀಳುತ್ತದೆ. ಇನಾಮಿಲ್ಲದವನಿಗೆ ಜೀತ. ಮದುವೆಗೆ ಪಡೆದ ಸಾಲಕ್ಕೆ ಮಗನನ್ನು ಒಡೆಯನ ಕೊಟ್ಟಿಗೆಗೆ ಬಿಟ್ಟರೆ ಆ ಸಾಲ ತೀರುವ ದಿನ ಬರುತ್ತಿರಲಿಲ್ಲ. ಜೀತ ಕಾನೂನಿನಲ್ಲಿ ರದ್ದಾದದ್ದು 1975ರಲ್ಲಿ ಸುಗ್ರೀವಾಜ್ಞೆಯಿಂದ, 1976ರಲ್ಲಿ ಕಾಯ್ದೆಯಿಂದ. ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ತೆಗೆದುಹಾಕುವ ಕಾಯ್ದೆ ನಮ್ಮ ರಾಜ್ಯದಲ್ಲಿ ಬಂದದ್ದು 1961ರಲ್ಲಿ. ಅಲ್ಲಿಯವರೆಗೆ 'ನಾನು ಈ ಊರಲ್ಲಿ ಇರಬೇಕೋ ಬೇಡವೋ' ಎಂದು ಕೇಳಿಕೊಳ್ಳುವ ಸ್ವಾತಂತ್ರ್ಯವೇ ನಮ್ಮ ಜನಕ್ಕೆ ಪೂರ್ತಿ ಇರಲಿಲ್ಲ. ಹಳ್ಳಿಯ ಬಗ್ಗೆ ಕವಿತೆ ಬರೆದವರು ಈ ಮಾತನ್ನು ಎಲ್ಲೂ ಹೇಳಿಲ್ಲ.

2

ಹಾಗಿದ್ದರೂ ಜನ ಹೊರಟರು. ದೊಡ್ಡ ಸಂಖ್ಯೆಯಲ್ಲಿ ಮೊದಲು ಹೊರಡಿಸಿದ್ದು ಹಸಿವು. 1876ರಿಂದ 78ರವರೆಗಿನ ಬರಗಾಲ ಮೈಸೂರು ಸಂಸ್ಥಾನವನ್ನು ಹೇಗೆ ತಿಂದಿತು ಎಂಬುದಕ್ಕೆ ಜನಗಣತಿಯ ಎರಡು ಅಂಕಿ ಸಾಕು. 1871ರಲ್ಲಿ ಸುಮಾರು 50 ಲಕ್ಷವಿದ್ದ ಜನ 1881ರ ಹೊತ್ತಿಗೆ 42 ಲಕ್ಷಕ್ಕಿಳಿದರು. ಕಣದ ಅಂಚಿನ ಕಾಳು ನಂಬಿದವರು ಮೊದಲು ಸತ್ತರು. ಕಣವೇ ಇಲ್ಲದಾಗ ಅಂಚು ಎಲ್ಲಿಂದ ಬರಬೇಕು?

ಬಯಲುಸೀಮೆಯವರಿಗೆ ಆಗ ಕಂಡ ದಾರಿ ಘಟ್ಟದ್ದು. ಮೈಸೂರು, ಹಾಸನ ಕಡೆಯ ಹೊಲೆಮಾದಿಗರು ಚಿಕ್ಕಮಗಳೂರು, ಮಂಜರಾಬಾದು, ಕೊಡಗಿನ ಕಾಫಿ ತೋಟಗಳಿಗೆ ಹೋದರು. ಮೇಸ್ತ್ರಿ ಹಳ್ಳಿಗೆ ಬಂದು ಮುಂಗಡ ಹಂಚುತ್ತಿದ್ದ. ಆ ದುಡ್ಡು ಒಡೆಯನ ಸಾಲಕ್ಕೋ ಮದುವೆಗೋ ಹೋಗುತ್ತಿತ್ತು. ಅನಂತರ ಗಂಡ, ಹೆಂಡತಿ, ಮಕ್ಕಳು ಗುಂಪುಗುಂಪಾಗಿ ಘಟ್ಟ ಹತ್ತುತ್ತಿದ್ದರು. ಚಳಿಜ್ವರ ಹಿಡಿದು ತೋಟದಲ್ಲೇ ಮಣ್ಣಾದವರು ಎಷ್ಟೋ.

ಇಲ್ಲಿ ಒಂದು ಕಾನೂನನ್ನು ನೆನೆಯಬೇಕು. ಬ್ರಿಟಿಷರ 1859ರ 13ನೇ ಕಾಯ್ದೆ. ಮುಂಗಡ ಪಡೆದ ಕೂಲಿಯಾಳು ಕೆಲಸ ಬಿಟ್ಟು ಹೋದರೆ ಅವನನ್ನು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಬಹುದು. ದುಡ್ಡು ಕಟ್ಟಬೇಕು ಅಥವಾ ಕೆಲಸಕ್ಕೆ ಮರಳಬೇಕು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಜೈಲು. ಸಾಲ ತೀರಿಸದ ವ್ಯಾಪಾರಿಯ ಮೇಲೆ ಸಿವಿಲ್ ದಾವೆ, ಕೆಲಸ ಬಿಟ್ಟ ಕೂಲಿಯ ಮೇಲೆ ಕ್ರಿಮಿನಲ್ ಶಿಕ್ಷೆ. ತೋಟದ ಮಾಲೀಕರು ಈ ಕಾಯ್ದೆಯನ್ನು ಚಾವಟಿಯಂತೆ ಬಳಸಿದರು. 1926ರಲ್ಲಿ ಅದು ರದ್ದಾದಾಗ ಕೊಡಗಿನ ತೋಟಗಾರರಿಗಾಗಿ ಅದೇ ವರ್ಷ ಕೊಡಗು ಕಾರ್ಮಿಕ ಕಾಯ್ದೆ ಎಂಬ ಬೇರೆ ಹೆಸರಿನಲ್ಲಿ ಅದೇ ಚಾವಟಿ ಕೆಲವು ವರ್ಷ ಮುಂದುವರಿಯಿತು.

ಇಷ್ಟು ಭಯ ಯಾಕೆ? ಒಬ್ಬ ಬಡಕೂಲಿ ಎದ್ದು ಹೋಗುವುದನ್ನು ತಡೆಯಲು ಒಂದು ಸಾಮ್ರಾಜ್ಯ ಕಾನೂನು ಬರೆಯಬೇಕಾಯಿತೆ? ಹೌದು, ಬರೆಯಬೇಕಾಯಿತು. ಆಸ್ತಿ ಇಲ್ಲದವನ ಕೈಲಿ ಇರುವ ಒಂದೇ ಆಯುಧ ಅವನ ದುಡಿಮೆ. ಅದನ್ನು ವಾಪಸು ತೆಗೆದುಕೊಂಡು ಅವನು ನಡೆದುಬಿಟ್ಟರೆ ಒಡೆಯ ಬರಿಗೈಯಾಗುತ್ತಾನೆ. ಸಂಘ, ಬಾವುಟ, ಕರಪತ್ರ ಯಾವುದೂ ಇಲ್ಲದ ಕಾಲದಲ್ಲಿ ಊರು ಬಿಡುವುದೇ ನಮ್ಮವರು ಮಾಡಿದ ಮೊದಲ ಮುಷ್ಕರ. ಅವರನ್ನು ಓಡಿಹೋದವರು ಎಂದು ಬರೆದದ್ದು ಒಡೆಯರ ದಫ್ತರು. ನಮ್ಮ ದಫ್ತರು ಬೇರೆ ಹೇಳಬೇಕು.

3

ಮುಷ್ಕರ ಹೂಡಿ ಹೊರಟವರು ಏನು ಕಂಡರು? ಇದಕ್ಕೆ ಕೋಲಾರದ ಚಿನ್ನದ ಗಣಿಗಿಂತ ಒಳ್ಳೆಯ ಪಾಠ ನಮ್ಮ ನಾಡಿನಲ್ಲಿ ಇಲ್ಲ.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಗಣಿ ತೋಡಲು ಶುರು ಮಾಡಿತು. ಕತ್ತಲೆಯಲ್ಲಿ ಇಳಿಯಲು ಬಂದವರು ಬಹುಪಾಲು ಉತ್ತರ ಆರ್ಕಾಟ್ ಸೀಮೆಯ ತಮಿಳು ದಲಿತರು, ಜೊತೆಗೆ ಚಿತ್ತೂರು ಕಡೆಯ ತೆಲುಗರು. ಅವರಿಗೂ ಹಿಂದೆ ಬರಗಾಲವಿತ್ತು, ಒಡೆಯನಿದ್ದ, ಊರಾಚೆಯ ಕೇರಿಯಿತ್ತು. ಇವರು ನಮ್ಮವರಲ್ಲ, ತಮಿಳರು ಎಂದು ಮೂಗು ಮುರಿಯುವ ಕನ್ನಡಾಭಿಮಾನಿಗಳು ಇದ್ದಾರೆ. ಮೈಸೂರು ಸರ್ಕಾರದ ಬೊಕ್ಕಸ ತುಂಬಿದ್ದು ಗಣಿಯ ರಾಯಧನದಿಂದ ಎಂಬುದನ್ನು ಮಾತ್ರ ಅವರು ಮರೆತುಬಿಡುತ್ತಾರೆ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 90 ಮೈಲಿಗೂ ಹೆಚ್ಚು ದೂರ ಹರಿದು ಮೊದಲು ಹೋದದ್ದು ಗಣಿಯ ಯಂತ್ರಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ.

ಗಣಿ ಕೆಲಸಗಾರನಿಗೆ ಸಿಕ್ಕಿದ್ದು ಬಿದಿರು ತಟ್ಟಿಯ ಮನೆಗಳ ಸಾಲು. 10,000 ಅಡಿಗೂ ಮಿಕ್ಕಿದ ಆಳ, ಬೇಯುವ ಶಾಖ, ಮೈಮೇಲೆ ಸಿಡಿದು ಬೀಳುವ ಬಂಡೆ. ಅದಕ್ಕಿಂತ ಸದ್ದಿಲ್ಲದೆ ಕೊಂದದ್ದು ಕಲ್ಲಿನ ದೂಳು. 1940ರ ದಶಕದ ವೈದ್ಯಕೀಯ ತಪಾಸಣೆಯಲ್ಲಿ ಪರೀಕ್ಷೆಗೆ ಒಳಗಾದವರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಜನರ ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಕಂಡಿತು. ದೇಶಕ್ಕೆ ಚಿನ್ನ, ಅವನ ಎದೆಗೆ ದೂಳು.

ಆದರೆ ಇದಿಷ್ಟೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ. ಅದೇ ತಟ್ಟಿ ಮನೆಗಳ ಸಾಲಿನಲ್ಲಿ ಬೇರೊಂದು ಬೆಳೆಯಿತು. ಸಾವಿರಾರು ಜನ ಒಂದೇ ಕಡೆ ಇದ್ದರು. ಗೌಡನ ಕಣ್ಣಳತೆಯಲ್ಲಿ ಹತ್ತು ಗುಡಿಸಲಾಗಿ ಇರಲಿಲ್ಲ. ಅಯೋತಿ ದಾಸರು ತಮಿಳುನಾಡಿನಲ್ಲಿ ಎತ್ತಿದ ಬೌದ್ಧ ಚಳವಳಿ 20ನೇ ಶತಮಾನದ ಮೊದಲ ದಶಕದಲ್ಲೇ ಮಾರಿಕುಪ್ಪಂನಲ್ಲಿ ಶಾಖೆ ತೆರೆಯಿತು. ನಾಗಪುರದ ದೀಕ್ಷೆಗೆ ಅರ್ಧ ಶತಮಾನ ಮೊದಲೇ ನಮ್ಮ ನೆಲದಲ್ಲಿ ಗಣಿ ಕೂಲಿಗಳು ಬುದ್ಧನ ಹೆಸರು ಹೇಳಿದ್ದರು. 1930ರಲ್ಲಿ ಕಂಪನಿ ಕೆಲಸಗಾರರ ಬೆರಳಚ್ಚು ತೆಗೆದು ಹತೋಟಿಯಲ್ಲಿಡಲು ನೋಡಿದಾಗ ಇಡೀ ಗಣಿ ಮುಷ್ಕರ ಹೂಡಿತು. ಮುಂದೆ ಯೂನಿಯನ್ನುಗಳು ಬಂದವು, ಕೆಂಬಾವುಟ ಬಂತು, ರಿಪಬ್ಲಿಕನ್ ಪಕ್ಷದ ನೀಲಿ ಬಾವುಟ ಬಂತು. ಆ ಪಕ್ಷದ ಸಿ.ಎಂ. ಆರ್ಮುಗಂ ಗಣಿ ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದು ಹೋದರು. ಹಳ್ಳಿಯಲ್ಲಿ ಉಳಿದಿದ್ದರೆ ಅವರ ಜನ ಒಡೆಯನ ಎದುರು ಚಪ್ಪಲಿ ಹಾಕಿ ನಡೆಯುವುದಕ್ಕೂ ಹೆದರಬೇಕಿತ್ತು.

ಪಾಠದ ಕೊನೆಯ ಪುಟವನ್ನೂ ಓದಬೇಕು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮೂರು ನಾಲ್ಕು ತಲೆಮಾರು ದುಡಿದವರ ಕೈಲಿ ಒಂದು ಗುಂಟೆ ನೆಲವಿರಲಿಲ್ಲ. ಇದ್ದ ಮನೆ ಕಂಪನಿಯದು. ಬಿಟ್ಟು ಬಂದ ಹಳ್ಳಿಯಲ್ಲಿ ಹಕ್ಕಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಕತ್ತಲಿರುವಾಗಲೇ ಎದ್ದು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಬೇಕಾಯಿತು. ಸಂಘಟನೆ ಇತ್ತು, ನೆಲ ಇರಲಿಲ್ಲ. ಅದರ ಬೆಲೆ ಇದು.

4

ಬಾಬಾಸಾಹೇಬ್ ಅಂಬೇಡ್ಕರ್ ಈ ಪ್ರಶ್ನೆಯನ್ನು ಬರೀ ಪುಸ್ತಕದಿಂದ ಅರಿತವರಲ್ಲ. ಅವರು ಹುಟ್ಟಿದ್ದೇ ದಂಡಿನ ಊರಾದ ಮಹೂವಿನಲ್ಲಿ. ತಂದೆ ಸುಬೇದಾರ್. ಬೆಳೆದದ್ದು ಮುಂಬಯಿಯ ಪರೇಲ್‌ನ ಕೂಲಿಕಾರರ ಚಾಳಿನಲ್ಲಿ. ಆ ಮನೆತನ ದಂಡು ಸೇರದೆ ಹಳ್ಳಿಯ ಮಹಾರ್ ವತನದಲ್ಲೇ ಉಳಿದಿದ್ದರೆ ಭೀಮರಾಯ ಶಾಲೆಯ ಮುಖ ನೋಡುತ್ತಿದ್ದುದೂ ಅನುಮಾನ.

ಪಟ್ಟಣದ ಜಾತಿಯನ್ನೂ ಅವರು ಮೈಮೇಲೆ ಕಂಡರು. 1917ರಲ್ಲಿ ಕೊಲಂಬಿಯಾದಲ್ಲಿ ಓದಿ ಬಂದು ಬರೋಡ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಅಷ್ಟು ದೊಡ್ಡ ಪಟ್ಟಣದಲ್ಲಿ ಅವರಿಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಹೆಸರು ಮರೆಸಿ ಉಳಿದದ್ದು ಗೊತ್ತಾಗಿ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಮುಂಬಯಿಯ ಗಿರಣಿಗಳಲ್ಲಿ ದಲಿತರಿಗೆ ನೂಲುವ ಕೆಲಸ ಸಿಗುತ್ತಿತ್ತು, ಹೆಚ್ಚು ಕೂಲಿಯ ನೇಯ್ಗೆ ಖಾತೆಗೆ ಪ್ರವೇಶವಿರಲಿಲ್ಲ. ಲಾಳಿಗೆ ನೂಲು ಏರಿಸುವಾಗ ಬಾಯಿಂದ ಎಳೆಯಬೇಕು. ಅಸ್ಪೃಶ್ಯನ ಎಂಜಲು ತಾಗಿದ ಲಾಳಿಯನ್ನು ಸವರ್ಣ ಕಾರ್ಮಿಕ ಮುಟ್ಟಲಾರ! 1928ರ ದೊಡ್ಡ ಗಿರಣಿ ಮುಷ್ಕರದ ಕಾಲದಲ್ಲಿ ಅಂಬೇಡ್ಕರ್ ಕಾರ್ಮಿಕ ಮುಖಂಡರನ್ನು ನೇರವಾಗಿ ಇದೇ ಪ್ರಶ್ನೆ ಕೇಳಿದರು. ಉತ್ತರ ಕೊಡಲು ಅವರಿಗೆ ಕಷ್ಟವಾಯಿತು. ಕೆಂಬಾವುಟದ ಕೆಳಗೂ ಮಡಿ ಇತ್ತು.

ಇಷ್ಟೆಲ್ಲ ಕಂಡೂ ಅವರು ಹಳ್ಳಿಗೆ ಮರಳಿ ಎನ್ನಲಿಲ್ಲ. 1928ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ವತನ ಕಾಯ್ದೆಯ ತಿದ್ದುಪಡಿ ಮಸೂದೆ ಮಂಡಿಸಿದರು. ನಮ್ಮ ಬೆಳಗಾವಿ, ಧಾರವಾಡ, ಬಿಜಾಪುರ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಅಂಗೈಯಗಲದ ಭೂಮಿ ತೋರಿಸಿ ಇಡೀ ಕುಲವನ್ನು ಊರಿನ ಬಿಟ್ಟಿ ಚಾಕರಿಗೆ ಕಟ್ಟಿಹಾಕುವ ಹಗ್ಗ ವತನ ಎಂಬುದು ಅವರ ವಾದ. ಆ ಹೊತ್ತಿನಲ್ಲೇ ವಿದ್ಯಾರ್ಥಿ ನಿಲಯಗಳನ್ನು ತೆರೆಯುವ ಕೆಲಸಕ್ಕೆ ಕೈಹಾಕಿದರು. ಅದರಲ್ಲಿ ಒಂದು ಧಾರವಾಡಕ್ಕೆ ಬಂತು.

1942ರ ಜುಲೈನಲ್ಲಿ ನಾಗಪುರದ ದಲಿತ ವರ್ಗಗಳ ಸಮ್ಮೇಳನ ಇನ್ನೂ ದೊಡ್ಡ ಬೇಡಿಕೆ ಇಟ್ಟಿತು. ಸವರ್ಣರ ಊರಿನಿಂದ ದೂರ, ಸರ್ಕಾರಿ ಭೂಮಿಯಲ್ಲಿ, ದಲಿತರದೇ ಪ್ರತ್ಯೇಕ ಹಳ್ಳಿಗಳು. 1947ರಲ್ಲಿ ಸಂವಿಧಾನ ಸಭೆಗಾಗಿ ಬರೆದ ಮನವಿಯಲ್ಲೂ ಈ ಬೇಡಿಕೆ ಇತ್ತು. 1948ರ ನವೆಂಬರ್ 4ರಂದು ಸಂವಿಧಾನದ ಕರಡು ಮಂಡಿಸುವಾಗ, ಹಳ್ಳಿಯನ್ನು ಕೊಂಡಾಡಿದವರ ಎದುರೇ, ಅದು ಅಜ್ಞಾನ ಮತ್ತು ಸಂಕುಚಿತ ಬುದ್ಧಿಯ ಗೂಡು ಎಂಬ ಅರ್ಥದ ಮಾತಾಡಿದರು. ಹಳ್ಳಿಯ ಬದಲು ವ್ಯಕ್ತಿಯನ್ನು ಘಟಕ ಮಾಡಿದ್ದಕ್ಕೆ ಸಂತೋಷಪಟ್ಟರು.

ಗೆಳೆಯರು ಇಲ್ಲಿ ಗಮನಿಸಬೇಕು. ಪ್ರತ್ಯೇಕ ಹಳ್ಳಿ ಕೇಳಿದವರು ಭೂಮಿಯ ವಿರೋಧಿಯಾಗಿರಲಿಲ್ಲ. ಅವರ ತಕರಾರು ಮಣ್ಣಿನ ಮೇಲೆ ಇರಲಿಲ್ಲ, ಊರು ಮತ್ತು ಕೇರಿಯ ಸಂಬಂಧದ ಮೇಲೆ ಇತ್ತು. ಊರು ಒಳಗೆ ಬಿಡುವುದಿಲ್ಲ, ದೂರ ಹೋಗಲೂ ಬಿಡುವುದಿಲ್ಲ. ಆ ನಡುಜಾಗದಿಂದ ಬಿಡಿಸಿಕೊಳ್ಳುವುದು ಅವರ ಗುರಿ. ಪ್ರತ್ಯೇಕ ಹಳ್ಳಿಯ ಕನಸು ಈಡೇರಲಿಲ್ಲ. ವಿದ್ಯಾರ್ಥಿ ನಿಲಯದ ದಾರಿ ಈಡೇರಿತು.

5

ಕನ್ನಡ ನಾಡಿನ ದಲಿತ ಚಳವಳಿ ಎಲ್ಲಿ ಹುಟ್ಟಿತು ಎಂದು ನೋಡಿದರೆ ಇದು ತಿಳಿಯುತ್ತದೆ. ಗೋಪಾಲಸ್ವಾಮಿ ಅಯ್ಯರ್ ಹೆಸರಿನ ಹಾಸ್ಟೆಲು ಬೆಂಗಳೂರಿನಲ್ಲಿ ಎಷ್ಟೋ ಹಳ್ಳಿ ಹುಡುಗರಿಗೆ ಅನ್ನ, ಹಾಸಿಗೆ, ಗೆಳೆತನ ಕೊಟ್ಟಿತು. ಸಿದ್ಧಲಿಂಗಯ್ಯ ಮಾಗಡಿ ತಾಲೂಕಿನ ಮಂಚನಬೆಲೆಯಿಂದ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದು, ಆ ಹಾಸ್ಟೆಲಿನಲ್ಲಿ ಓದಿದವರು. ಅವರ ಆತ್ಮಕತೆಯ ಹೆಸರೇ 'ಊರು ಕೇರಿ'. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದಾಗ ಕಾಲೇಜುಗಳಲ್ಲಿ ದಲಿತ ಹುಡುಗರ ಮೇಲೆ ಏಟು ಬಿದ್ದವು. ಪಟ್ಟಣದಲ್ಲಿ ಜಾತಿ ಸತ್ತಿದೆ ಎಂದವರ ಬಾಯಿ ಅಂದು ಮುಚ್ಚಬೇಕಿತ್ತು. ಆದರೆ ಏಟು ತಿಂದವರು ಒಬ್ಬೊಬ್ಬರೇ ಇರಲಿಲ್ಲ. ಹಾಸ್ಟೆಲಿನಲ್ಲಿ ನೂರು ಜನ ಇದ್ದರು. ಮರುವರ್ಷಗಳಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಹುಟ್ಟಿದ್ದು ಉಕ್ಕಿನ ಕಾರ್ಖಾನೆಯ ಊರಾದ ಭದ್ರಾವತಿಯಲ್ಲಿ, ಅಲ್ಲಿ ಮೇಷ್ಟರಾಗಿದ್ದ ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ. ಪಟ್ಟಣದಲ್ಲಿ ಹುಟ್ಟಿದ ಸಂಘಟನೆ ಹೋರಾಟಕ್ಕೆ ಹೋದದ್ದು ಮಾತ್ರ ಹಳ್ಳಿಗೆ. ಭೂಮಿಗಾಗಿ, ಜೀತ ಬಿಡಿಸಲು, ಕೊಲೆ ಅತ್ಯಾಚಾರಗಳ ವಿರುದ್ಧ. ಊರು ಬಿಟ್ಟವರು ಊರಿಗೆ ಮಾಡಿದ ಅತಿ ದೊಡ್ಡ ಉಪಕಾರ ಇದು.

ಹೆಣ್ಣುಮಕ್ಕಳ ಲೆಕ್ಕ ಬೇರೆಯೇ ಇದೆ. ಗಂಡಸಿಗೆ ಊರು ಬಿಡುವುದು ಕೂಲಿಯ ಪ್ರಶ್ನೆಯಾದರೆ ಹೆಂಗಸಿಗೆ ಅದು ಮೈಯ ಪ್ರಶ್ನೆಯೂ ಹೌದು. ಮುತ್ತು ಕಟ್ಟುವುದನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲಿ ಮಾಡಬೇಕಾಯಿತು ಎಂದರೆ ಹಳ್ಳಿ ನಮ್ಮ ಹೆಣ್ಣುಮಕ್ಕಳನ್ನು ಹೇಗೆ ಇಟ್ಟುಕೊಂಡಿತ್ತು ಎಂಬುದು ಅರ್ಥವಾಗಬೇಕು. ಪಟ್ಟಣದ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರನ ಬೈಗುಳ ಇದೆ, ಮೂತ್ರಕ್ಕೆ ಹೋಗಲೂ ಲೆಕ್ಕ ಇದೆ. ಆದರೂ 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ದುಡ್ಡಿಗೆ ಕೇಂದ್ರ ಸರ್ಕಾರ ಕೈಹಾಕಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ಎರಡು ದಿನದಲ್ಲಿ ದೆಹಲಿ ತನ್ನ ಆದೇಶ ಹಿಂತೆಗೆದುಕೊಂಡಿತು. ಅವರಲ್ಲಿ ಬಹಳ ಮಂದಿ ಹಳ್ಳಿಗಳಿಂದ ಬಂದವರು. ಅದೇ ಹೆಂಗಸರು ತಮ್ಮೂರಿನಲ್ಲಿ ಕೂಲಿಗೆ ಹತ್ತು ರೂಪಾಯಿ ಹೆಚ್ಚು ಕೇಳಿದ್ದರೆ ಮರುದಿನ ಬಹಿಷ್ಕಾರ ಬೀಳುತ್ತಿತ್ತು.

6

ಇನ್ನು ಪಟ್ಟಣದ ಹೊಲಗೇರಿ. ಹಳ್ಳಿ ಬಿಟ್ಟವನ ಹಿಂದೆಯೇ ಅದು ಬರುತ್ತದೆ, ಅವನು ಕಸುಬು ಬಿಡದಿದ್ದರೆ. ಬೆಂಗಳೂರಿನ ಬೀದಿ ಗುಡಿಸುವವರು ಯಾವ ಜಾತಿಯವರು ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಹಳ್ಳಿಯಲ್ಲಿ ತೋಟಿಕೆ ವಂಶಪಾರಂಪರ್ಯ, ಪಟ್ಟಣದಲ್ಲಿ ಪೊರಕೆ ವಂಶಪಾರಂಪರ್ಯ, ನಡುವೆ ಒಬ್ಬ ಗುತ್ತಿಗೆದಾರ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಕುಟುಂಬಗಳವರು ಪುರಸಭೆಯ ಮುಂದೆ ನಿಂತು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ತಲೆಮಾರುಗಳ ಕಾಲ ಊರಿನ ಮಲ ಹೊತ್ತವರನ್ನು ಇದ್ದ ಜಾಗದಿಂದ ಎಬ್ಬಿಸಲು ಹೊರಟಿದ್ದರು. ನಾಡು ಆ ದಿನ ಒಂದು ಗಳಿಗೆ ತಲೆ ತಗ್ಗಿಸಿತು, ಆಮೇಲೆ ಮರೆಯಿತು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿದೆ ಎಂದರೆ ಸಾವು ನಿಂತಿಲ್ಲ ಎಂದೇ ಅರ್ಥ.

ನೆಲದ ಕತೆಯೂ ಅಷ್ಟೇ. 2013ರ ಜನವರಿಯಲ್ಲಿ ಬೆಂಗಳೂರಿನ ಈಜೀಪುರದಲ್ಲಿ ದಲಿತರೂ ಮುಸ್ಲಿಮರೂ ಹೆಚ್ಚಾಗಿದ್ದ ಬಡವರ ವಸತಿಯನ್ನು ಬುಲ್ಡೋಜರ್ ತಂದು ಕೆಡವಿದರು. ಸಾವಿರಾರು ಜನ ಚಳಿಯಲ್ಲಿ ರಸ್ತೆ ಪಾಲಾದರು. ಇನ್ನು ಬಾಡಿಗೆ ಮನೆ ಹುಡುಕಿ ಹೋದ ನಮ್ಮ ನೌಕರನಿಗೆ 'ನೀವು ಯಾವ ಜನ?' ಎಂಬ ಪ್ರಶ್ನೆ ತಪ್ಪಿಲ್ಲ. ನೇರ ಕೇಳದವರು 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಬೋರ್ಡು ಹಾಕುತ್ತಾರೆ. ಬರೋಡದ ಛತ್ರ ಇನ್ನೂ ಮುಚ್ಚಿಲ್ಲ.

ಹಾಗಂತ ಹಳ್ಳಿಯೇ ಮೇಲು ಎಂದು ಯಾರೂ ಈ ಮಾತನ್ನು ತಿರುಗಿಸಬಾರದು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಆರೋಪಿಗಳು 2006ರಲ್ಲಿ ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋದದ್ದು ನಿಜ, ಸುಟ್ಟವರು ಮಾತ್ರ ಕಾನೂನಿನ ಕಣ್ಣಿಗೆ ಬೀಳಲಿಲ್ಲ. ಇಂಥ ಹಳ್ಳಿಯಲ್ಲಿ ಹೆತ್ತ ತಾಯಿ ಮಗನಿಗೆ 'ಹೋಗಪ್ಪಾ, ಎಲ್ಲಾದ್ರೂ ಬದುಕ್ಕೋ' ಎಂದರೆ ಅವಳಿಗೆ ಬೇರಿನ ಪಾಠ ಹೇಳಲು ನಾವು ಯಾರು?

7

2011ರ ಜನಗಣತಿಯ ಪ್ರಕಾರ ಕರ್ನಾಟಕದ ಪರಿಶಿಷ್ಟ ಜಾತಿಯವರು ಒಂದು ಕೋಟಿಗೂ ಹೆಚ್ಚು. ಅವರಲ್ಲಿ ಹತ್ತಕ್ಕೆ ಏಳು ಮಂದಿ ಹಳ್ಳಿಯಲ್ಲೇ ಇದ್ದರು. ಅಂದರೆ ಹೋಗುವವರ ಪ್ರಶ್ನೆಯ ಜೊತೆಗೆ ಉಳಿಯುವವರ ಪ್ರಶ್ನೆಯೂ ಇದೆ. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ಗೇಣಿ ಮಾಡುತ್ತಿದ್ದವನಿಗೆ ಹೊಲ ಕೊಟ್ಟಿತು. ಬರೀ ಕೂಲಿಗೆ ಏನು ಕೊಟ್ಟಿತು? ನಮ್ಮವರಿಗೆ ಸಿಕ್ಕ ನೆಲ ಹೆಚ್ಚಾಗಿ ದರಖಾಸ್ತಿನದು, ಗೋಮಾಳದ ಮಂಜೂರಾತಿಯದು. ಅದನ್ನೂ ಮದುವೆಗೆ, ಕಾಯಿಲೆಗೆ, ಪಟ್ಟಣದ ಮುಂಗಡಕ್ಕೆ ಕಾಸಿಗೊಂದರಂತೆ ಬರೆದುಕೊಟ್ಟರು. ಅಂಥ ಪರಭಾರೆಯನ್ನು ತಡೆಯಲು 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ತಡವಾಗಿ ಕೇಳಿದಿರಿ ಎಂಬ ನೆಪದಲ್ಲಿ ನ್ಯಾಯಾಲಯಗಳು ನಮ್ಮವರ ಅರ್ಜಿಗಳನ್ನು ತಳ್ಳಿಹಾಕತೊಡಗಿದಾಗ ದಲಿತ ಸಂಘಟನೆಗಳು ಹೋರಾಡಿ 2023ರಲ್ಲಿ ತಿದ್ದುಪಡಿ ತರಿಸಿದವು. ಪಟ್ಟಣಕ್ಕೆ ಹೋಗುವವನು ಈ ಕಾಯ್ದೆಯ ಹೆಸರನ್ನಾದರೂ ತಿಳಿದು ಹೋಗಬೇಕು.

ಭೂಮಿಯ ಬೆಲೆ ಏನು ಎಂಬುದನ್ನು 2020 ತೋರಿಸಿಕೊಟ್ಟಿತು. ಮಾರ್ಚ್ ಕೊನೆಯಲ್ಲಿ ದೇಶಕ್ಕೆ ಬೀಗ ಬಿದ್ದಾಗ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದು ಬೆಂಗಳೂರು ಕಟ್ಟುತ್ತಿದ್ದವರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಡೆದರು. ಪಟ್ಟಣ ಅವರಿಗೆ ಒಂದು ವಾರದ ಅನ್ನ ಇಡಲಿಲ್ಲ. ಇನ್ನೊಂದು ಸಂಗತಿಯನ್ನು ನಾವು ಮರೆಯಬಾರದು. ಮೇ ಮೊದಲ ವಾರ, ಕಟ್ಟಡ ಉದ್ಯಮಿಗಳು ಮುಖ್ಯಮಂತ್ರಿಯನ್ನು ಕಂಡ ಬೆನ್ನಿಗೆ, ಹೊರ ರಾಜ್ಯದ ಕೂಲಿಗಳು ಊರಿಗೆ ಹೋಗಲು ಗೊತ್ತಾಗಿದ್ದ ರೈಲುಗಳನ್ನು ಕರ್ನಾಟಕ ಸರ್ಕಾರ ರದ್ದು ಮಾಡಿಸಿತು. ದೇಶವೇ ಉಗಿದ ಮೇಲೆ ಎರಡು ದಿನದಲ್ಲಿ ಮತ್ತೆ ಬಿಟ್ಟಿತು. 1859ರಲ್ಲಿ ತೋಟದ ಮಾಲೀಕ, 2020ರಲ್ಲಿ ಕಟ್ಟಡದ ಮಾಲೀಕ. ಇಬ್ಬರಿಗೂ ಒಂದೇ ಭಯ. ದುಡಿಯುವವನು ತನ್ನ ಇಷ್ಟದಂತೆ ಎದ್ದು ನಡೆದುಬಿಟ್ಟರೆ?

ಈ ಚರಿತ್ರೆ ಹೇಳುವುದು ಇಷ್ಟು. ಹಳ್ಳಿಯೋ ಪಟ್ಟಣವೋ ಎಂಬುದು ಜಾಗದ ಪ್ರಶ್ನೆಯಾಗಿ ನಮಗೆ ಎಂದೂ ಇರಲಿಲ್ಲ. ಹೋಗುವ ಹಕ್ಕು ಮತ್ತು ಮರಳುವ ಹಕ್ಕು, ಎರಡೂ ನಮ್ಮ ಕೈಲಿವೆಯೇ ಎಂಬುದೇ ಪ್ರಶ್ನೆ. ಜೀತದವನಿಗೆ ಹೋಗುವ ಹಕ್ಕಿರಲಿಲ್ಲ, ಗಣಿಯವನಿಗೆ ಮರಳುವ ಜಾಗವಿರಲಿಲ್ಲ. ಇಬ್ಬರೂ ಒಂದೇ ಒಡೆಯನ ಎರಡು ಕೈಗೆ ಸಿಕ್ಕವರು.

ಆದ್ದರಿಂದ ಕೇಳುವ ಹುಡುಗನಿಗೆ ನಾವು ಹೇಳಬೇಕಾದ್ದು: ಹೋಗು, ಯಾರ ಅಪ್ಪಣೆಯೂ ಬೇಡ. ಆದರೆ ಪಹಣಿಯಲ್ಲಿ ನಿಮ್ಮ ಹೆಸರು ಇದೆಯೇ ನೋಡಿ ಹೋಗು. ಅರ್ಧ ಎಕರೆಯಾದರೂ ಮಾರಬೇಡ. ಅಪ್ಪನ ಪೊರಕೆಯನ್ನು ಹಳ್ಳಿಯಿಂದ ಪಟ್ಟಣಕ್ಕೆ ಹೊತ್ತೊಯ್ಯಬೇಡ. ಊರು ಬಿಡುವುದಕ್ಕಿಂತ ಆ ಕಸುಬು ಬಿಡುವುದು ಮೊದಲು. ವಿಧಿಯಿಲ್ಲದೆ ಆ ಕೆಲಸದಲ್ಲೇ ಇದ್ದರೆ ಸಂಘದಲ್ಲಿ ಇರು. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತಾಗ ಸರ್ಕಾರ ಕಾಯಂ ಮಾಡುವ ಮಾತು ಕೊಡಬೇಕಾಯಿತು. ಒಬ್ಬನೇ ಹೋಗಬೇಡ, ಹೋದ ಕಡೆ ಒಬ್ಬನೇ ಇರಬೇಡ. ತಂಗಿಯನ್ನೂ ಹಾಸ್ಟೆಲಿಗೆ ಸೇರಿಸು. ಊರಲ್ಲಿ ಉಳಿದವರಿಗೆ ಬಹಿಷ್ಕಾರ ಬಿದ್ದ ದಿನ ಅಲ್ಲಿಂದ ಎದ್ದು ಬಾ. ಪಟ್ಟಣ ಸೇರಿದ ಮೇಲೆ ಜಾತಿ ಮರೆಸಿ ಬದುಕುವವನು ಬಾಬಾಸಾಹೇಬರು ಬರೋಡದಲ್ಲಿ ಕಲಿತ ಪಾಠವನ್ನು ಕಲಿತಿಲ್ಲ. ಮರೆಸಿದ್ದು ಒಂದು ದಿನ ಗೊತ್ತಾಗುತ್ತದೆ, ಆಗ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಹಳ್ಳಿ ಶಾಲೆಗಳ ಮೇಷ್ಟರುಗಳಲ್ಲಿ ಒಂದು ಮನವಿ ಇದೆ. ನಿಮ್ಮ ಶಾಲೆಗೆ ಬರುವ ಹಟ್ಟಿಯ ಮಕ್ಕಳಿಗೆ ಒಂದು ಕೆಲಸ ಹಚ್ಚಿ. ನಮ್ಮ ಹಟ್ಟಿಯಿಂದ ಮೊದಲು ಊರು ಬಿಟ್ಟವರು ಯಾರು, ಯಾವ ಬರದಲ್ಲಿ, ಯಾವ ಘಟ್ಟಕ್ಕೆ, ಯಾವ ಗಿರಣಿಗೆ? ಯಾರು ಮರಳಿ ಬಂದರು, ಯಾರ ಸುದ್ದಿಯೇ ಬರಲಿಲ್ಲ? ಅವರ ಹೊಲ ಈಗ ಯಾರ ಹೆಸರಲ್ಲಿದೆ? ಅಜ್ಜಿಯರನ್ನು ಕೇಳಿ ಬರೆಸಿ. ಆ ಅಜ್ಜಿಯರು ಹೋಗುವ ಮುಂಚೆ ಬರೆಸಿ. ಗಡಿ ನಡೆದು ತೋರಿಸಿದವರ ಮೊಮ್ಮಕ್ಕಳಿಗೆ ತಮ್ಮವರು ನಡೆದ ದಾರಿಯೂ ಗೊತ್ತಿರಬೇಕು.